ಎರಡು ಕಿವಿಯ ಗುರುತು

ಸಾಯುವುದಕ್ಕೂ ಸಿಪಾಯಿ ಒಳ್ಳೆಯ ದಿನವನ್ನೇ ಆರಿಸಿಕೊಂಡ. ಬಿಸಿಲು ಹದವಾಗಿತ್ತು, ದಾರಿಯಲ್ಲಿ ಧೂಳಿರಲಿಲ್ಲ, ಹೆಣ ಒಯ್ಯುವ ವ್ಯಾನು ಕೂಡ ಹೇಳಿದ ಹೊತ್ತಿಗೇ ಬಂತು. ನನ್ನ ಸರದಿಗಾದರೆ ಟೈರು ಪಂಕ್ಚರ್ ಆಗಿರುತ್ತಿತ್ತು ಎಂದುಕೊಂಡ ತಮ್ಮ ಗೂಟ.

ಅಣ್ಣ ಯುದ್ಧಕ್ಕೆ ಹೋಗಿ ಬಂದದ್ದಕ್ಕೆ ಸಿಪಾಯಿ. ತಮ್ಮ ಎಲ್ಲಿಗೂ ಹೋಗದೆ ದನದ ದೊಡ್ಡಿಯಲ್ಲೇ ಉಳಿದದ್ದಕ್ಕೆ ಗೂಟ. ಎಪ್ಪತ್ನಾಲ್ಕು ವರ್ಷದ ಮನುಷ್ಯನನ್ನು ಚಹಾದಂಗಡಿಯಲ್ಲಿ ‘ಗೂಟಣ್ಣ’ ಎಂದು ಕರೆದರೆ ಅದನ್ನೇ ಮರ್ಯಾದೆ ಎಂದು ತಿಳಿಯಬೇಕಂತೆ.

ಅಪ್ಪ ಸತ್ತಾಗ ದೊಡ್ಡಿಯಲ್ಲಿ ಇನ್ನೂರು ದನಗಳಿದ್ದವು. ಹುಲ್ಲುಗಾವಲಿಗೆ ಬೇಲಿ ಇರಲಿಲ್ಲ. ಯಾರ ದನ ಯಾವುದು ಎಂದು ಕಿವಿ ನೋಡಿಯೇ ಹೇಳಬೇಕು. ಕರು ಹುಟ್ಟಿದ ಹತ್ತನೇ ದಿನ ಅದನ್ನು ಮೊಣಕಾಲಿನಡಿ ಅದುಮಿ ಹಿಡಿದು, ಬಾಗಿದ ಚಾಕುವಿನಿಂದ ಕಿವಿಯಂಚಿಗೆ ಕಚ್ಚು ಹಾಕುತ್ತಿದ್ದರು. ಅಪ್ಪನದು ಎಡಗಿವಿಗೆ ಎರಡು ಕಚ್ಚು. ಆ ಗುರುತೂ ದನಗಳೂ ದೊಡ್ಡ ಮಗನಿಗೆ ಬಂದವು. ಚಿಕ್ಕವನು ಸ್ವಂತಕ್ಕೆಂದು ಬಲಗಿವಿಗೆ ಒಂದು ಕಚ್ಚು ಯೋಚಿಸಿಟ್ಟುಕೊಂಡಿದ್ದ. ಹಾಕುವುದಕ್ಕೆ ಅವನದೆನ್ನುವ ಕರು ಒಂದೂ ಇರಲಿಲ್ಲ.

ಸರ್ಕಾರಕ್ಕೆ ಯುದ್ಧ ಬೇಕಾಯಿತು. ಅಂಥ ಹೊತ್ತಿನಲ್ಲಿ ಅದಕ್ಕೆ ದನ ಕಾಯುವವರ ಮನೆಯ ದಾರಿ ಚೆನ್ನಾಗಿ ನೆನಪಿರುತ್ತದೆ. ಅಣ್ಣನನ್ನು ಎತ್ತಿಕೊಂಡು ಹೋದರು. ಐದು ವರ್ಷ ಗೂಟ ಸಗಣಿ ಬಾಚಿದ, ಈಯುವಾಗ ಅಡ್ಡ ಸಿಕ್ಕಿಕೊಂಡ ಕರುಗಳನ್ನು ಮೊಣಕೈವರೆಗೆ ಕೈ ಹಾಕಿ ಎಳೆದ, ಕಾಲುಬಾಯಿ ಬೇನೆ ಬಂದ ವರ್ಷ ದನಗಳ ನಡುವೆಯೇ ಮಲಗಿದ. ನಾಲ್ಕನೇ ವರ್ಷ ಒಂದು ಕಾಗದ ಬಂತು: ನಿಮ್ಮ ಅಣ್ಣ ಕಾಣೆಯಾಗಿದ್ದಾರೆ. ಗೂಟ ಅತ್ತ, ಅದು ಸುಳ್ಳಲ್ಲ. ಅತ್ತು ಮುಖ ತೊಳೆದುಕೊಂಡು ಬಂದವನು, ಆ ವರ್ಷ ಹುಟ್ಟಿದ ಮೂವತ್ತೊಂದು ಕರುಗಳ ಎಡಗಿವಿಯನ್ನು ಮುಟ್ಟಲೇ ಇಲ್ಲ. ಬಲಗಿವಿಗೆ ಒಂದೊಂದೇ ಕಚ್ಚು ಹಾಕಿದ.

ಮರುವರ್ಷ ಅಣ್ಣ ಕುಂಟುತ್ತ ಬಂದಿಳಿದ, ಎದೆಗೆ ಪದಕ ಸಿಕ್ಕಿಸಿಕೊಂಡು.

ಅಂಗಳದಲ್ಲಿ ಕರುಗಳು ಬಲಗಿವಿ ಅಲ್ಲಾಡಿಸುತ್ತ ನಿಂತಿದ್ದವು. ಬೇರೇನೂ ತೋಚದೆ ಗೂಟ ಸೊಂಟದ ಚಾಕು ತೆಗೆದು, "ತಗೋ ಅಣ್ಣ, ನಿನ್ ಚಾಕು. ಎಲ್ಲಾ ನಿಂದೇ" ಎಂದು ಕೈಗಿಟ್ಟುಬಿಟ್ಟ. ಅಣ್ಣ ಕರುಗಳನ್ನು ನೋಡಿದ, ಚಾಕು ನೋಡಿದ. ಚಾಕುವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಆ ವರ್ಷದಿಂದ ಹುಟ್ಟಿದ ಪ್ರತಿ ಕರುವಿಗೂ ಎಡಕ್ಕೆ ಎರಡು, ಬಲಕ್ಕೆ ಒಂದು ಕಚ್ಚು ಹಾಕತೊಡಗಿದ.

ಗೂಟನಿಗೆ ಅದು ಕೆನ್ನೆಗೆ ಹೊಡೆದಂತಿತ್ತು. ನಿನ್ನ ಕಳ್ಳತನ ಮರೆತಿಲ್ಲ ಎಂದು ಪ್ರತಿ ಕರುವಿನ ಕಿವಿಯಲ್ಲೂ ಬರೆದಂತಿತ್ತು. ನಲವತ್ತಮೂರು ವರ್ಷ, ದೊಡ್ಡಿ ಮಾರುವವರೆಗೂ ಅದನ್ನು ನೋಡುತ್ತಲೇ ಬದುಕಿದ. ಊರವರಿಗೆ ಅದು ‘ಸಿಪಾಯಿ ದೊಡ್ಡಿ’. ದನಗಳು ಕೂಡ, ಹಾಳಾದವು, ಸಿಪಾಯಿಯ ಒಂದು ಶಿಳ್ಳೆಗೆ ಗುಡ್ಡದಾಚೆಯಿಂದ ಓಡಿಬರುತ್ತಿದ್ದವು. ಗೂಟ ಗಂಟಲು ಹರಿದುಕೊಂಡರೂ ಬಾಲ ಎತ್ತುತ್ತಿರಲಿಲ್ಲ. ಕುಂಟನಿಗೆ ಹೆಣ್ಣು ಯಾರು ಕೊಡುತ್ತಾರೆ ಎಂದು ಗೂಟ ಒಳಗೊಳಗೇ ಲೆಕ್ಕ ಹಾಕಿದ್ದ. ಹಾಲಿನ ಡೈರಿಯ ಹುಡುಗಿ, ಇವನು ಎರಡು ವರ್ಷದಿಂದ ಕ್ಯಾನು ಎತ್ತಿಕೊಡುತ್ತಿದ್ದವಳೇ, ಆ ಕುಂಟುಗಾಲು ನೋಡಿ ಕಣ್ಣೀರು ತುಂಬಿಕೊಂಡಳು. ಅತ್ತಿಗೆಯಾಗಿ ಬಂದಳು.

ಅಣ್ಣನಿಗೆ ಎದೆಯಲ್ಲಿ ನೀರು ತುಂಬಿ ನಡುಮನೆಯ ಮಂಚಕ್ಕೆ ಬಿದ್ದ ಮೇಲೆ ಗಡ್ಡ ಹೆರೆಯುವ ಕೆಲಸ ಗೂಟನದಾಯಿತು. ಸಾಯುವುದಕ್ಕೆ ಒಂದು ವಾರ ಮುಂಚೆ, ಕತ್ತಿನ ಮೇಲೆ ಬ್ಲೇಡು ಇಟ್ಟುಕೊಂಡೇ ಕೇಳಿದ:

"ಅಣ್ಣ, ಆ ಮೂವತ್ತೊಂದು ಕರು. ನಿಂಗೆ ಅವತ್ತೇ ಗೊತ್ತಾಯ್ತು ಅಲ್ವಾ?"

"ಕಾಲು ಕುಂಟು ಕಣೋ, ಕಣ್ಣಲ್ಲ."

"ಮತ್ತೆ ಒಂದು ಮಾತು ಬೈಲಿಲ್ಲ."

"ಬೈಯೋದಾ? ಖುಷಿ ಆಯ್ತು." ಸಿಪಾಯಿ ಕೆಮ್ಮಿದ. ಗೂಟ ಬ್ಲೇಡು ಎತ್ತಿ ಹಿಡಿದು ಕಾದ. "ಕಾಣೆ ಆಗಿರ್ಲಿಲ್ಲ ಕಣೋ ನಾನು. ಓಡಿಹೋಗಿದ್ದೆ. ಬಂದೂಕು ಹಳ್ಳಕ್ಕೆ ಬಿಸಾಕಿ, ಆ ಕಡೆಯವರ ಊರಲ್ಲಿ ಒಂದು ಮುದುಕಿ ಕೊಟ್ಟಿಗೇಲಿ ಹನ್ನೊಂದು ದಿನ ಹಸು ಹಾಲು ಕರೀತಾ ಇದ್ದೆ. ಅಲ್ಲಿಗೂ ಗುಂಡು ಬಂತು, ಕಾಲು ಹೋಯ್ತು. ನಮ್ಮೋರಿಗೆ ಸಿಕ್ಕಾಗ ಮೇಲಿನವನು ಒಳ್ಳೆಯವನು, ಗಾಯ ಆಗಿತ್ತು ಅಂತ ಬರೆದ. ಪದಕಾನೂ ಬಂತು."

ಸಿಪಾಯಿ ಉಸಿರೆಳೆದುಕೊಂಡು ಮುಂದುವರಿಸಿದ: "ಮನೆಗೆ ಬಂದು ನಿನ್ ಕಚ್ಚು ನೋಡ್ದೆ. ಸದ್ಯ, ತಮ್ಮ ದೊಡ್ಡಿ ತಗೊಂಡ, ನಂಗೆ ಬಿಡುಗಡೆ ಅನ್ಕೊಂಡೆ. ಅಷ್ಟರಲ್ಲಿ ನೀನು ಚಾಕು ತಂದು ಕೈಗಿಟ್ಟೆ. ಇವನಿಗೂ ಬೇಡ ಅಂತ ಕಾಣತ್ತೆ, ಇರ್ಲಿ, ಇಬ್ರದೂ ಅಂತ ಎರಡು ಕಿವಿಗೂ ಹಾಕ್ದೆ."

ಗೂಟ ಅರ್ಧ ಹೆರೆದ ಗಡ್ಡವನ್ನು ಹಾಗೇ ಬಿಟ್ಟು ಹಿತ್ತಲಿಗೆ ಹೋಗಿ ಕೂತ. ಆ ದಿನ ಬಾಯಿ ಮುಚ್ಚಿಕೊಂಡು ಚಾಕು ಸೊಂಟದಲ್ಲೇ ಇಟ್ಟುಕೊಂಡಿದ್ದರೆ ಇನ್ನೂರು ದನ ತನ್ನವಾಗುತ್ತಿದ್ದವು. ಕೊಟ್ಟವನು ತಾನೇ. ಇಷ್ಟು ವರ್ಷ ಹೊಟ್ಟೆ ಉರಿಸಿಕೊಂಡದ್ದಕ್ಕೆ ಅಣ್ಣನನ್ನು ಬೈಯುವ ಸುಖವೂ ಕೈತಪ್ಪಿತು. ಒಳಗಿನಿಂದ ಸಿಪಾಯಿ ಕೂಗುತ್ತಿದ್ದ: "ಲೇ, ಅರ್ಧ ಮುಖ ನೊರೆ ಒಣಗ್ತಾ ಇದೆ!"

ಮಣ್ಣು ಮಾಡುವ ದಿನ ಹಳೆಯ ಸೈನಿಕರು ಏಳು ಜನ ಬಂದರು. ಕಹಳೆ ಊದುವವನಿಗೆ ಮುಂದಿನ ಹಲ್ಲಿರಲಿಲ್ಲ. ಗಾಳಿಯೇ ಹೆಚ್ಚು ಬಂತು, ಆದರೂ ಹೆಂಗಸರು ಅತ್ತರು. ಧೈರ್ಯ, ತ್ಯಾಗ ಎಂದೆಲ್ಲ ಹೇಳಿ ಅವರ ಮುಖಂಡ ಗೂಟನ ಕಡೆ ತಿರುಗಿದ. "ತಮ್ಮ ಅಲ್ವಾ ನೀವು? ಒಂದೆರಡು ಮಾತಾಡಿ."

ಇಡೀ ಊರು ಗೂಟನ ಬಾಯಿ ನೋಡುತ್ತಿತ್ತು, ಹುಟ್ಟಿದಂದಿನಿಂದ ಮೊದಲ ಸಲ. ನಾಲಿಗೆಯ ತುದಿಯಲ್ಲಿ ಹನ್ನೊಂದು ದಿನ ಕುಣಿಯುತ್ತಿದ್ದವು. ಒಂದು ಮಾತು ಸಾಕು, ಪದಕ ತಗಡಾಗುತ್ತದೆ. ಬಾಯಿ ತೆರೆದ. ಆಗ ಹೊಳೆಯಿತು: ಹೇಳಿದರೆ ಅದೂ ಅವನ ಕತೆಯೇ. ಬಂದೂಕು ಬಿಸಾಕಿದನಂತೆ, ಶತ್ರುಗಳ ಊರಲ್ಲಿ ಹಸು ಕರೆದನಂತೆ ಎಂದು ಚಹಾದಂಗಡಿಯಲ್ಲಿ ಇನ್ನೂ ಇಪ್ಪತ್ತು ವರ್ಷ ಅವನ ಬಗ್ಗೆಯೇ ಮಾತಾಡುತ್ತಾರೆ. ಓಡಿಹೋದದ್ದಕ್ಕೂ ಅವನೇ ದೊಡ್ಡವನಾಗುತ್ತಾನೆ. ಸಗಣಿ ಬಾಚಿದವನ ಸುದ್ದಿ ಯಾರಿಗೆ ಬೇಕು?

"ಇವನು ಅಲ್ಲಿದ್ದ ಐದು ವರ್ಷ," ಎಂದ ಗೂಟ, "ದೊಡ್ಡಿ ನೋಡ್ಕೊಂಡವನು ನಾನು. ಒಂದು ದನಾನೂ ಕಳೀಲಿಲ್ಲ. ಅಷ್ಟೇ."

ಯಾರೋ ಕಿಸಕ್ಕೆಂದರು. ಮುಖಂಡ ಚಪ್ಪಾಳೆ ತಟ್ಟಲೋ ಬೇಡವೋ ಎಂದು ಕೈ ಎತ್ತಿ ಇಳಿಸಿದ.

ಜನ ಕರಗಿದ ಮೇಲೆ ಕಲ್ಲುಕುಟಿಗ ಸೀಮೆಸುಣ್ಣ ಹಿಡಿದು ಬಂದ. ದನದವರ ಗೋರಿಗಲ್ಲಿಗೆ ಹೆಸರಿನಡಿ ಮಂದೆಯ ಗುರುತು ಕೊರೆಯುವುದು ಅವನಿಗೆ ಗೊತ್ತು. "ಆ ಏಳು ಜನ ಬಂದೂಕು ಕೊರಿ ಅಂದವ್ರೆ. ನೀವೇನಂತೀರಿ?"

"ಬಂದೂಕು ಬೇಡ. ಕಿವಿ ಕೊರಿ. ಎಡಕ್ಕೆ ಎರಡು ಕಚ್ಚು, ಬಲಕ್ಕೆ ಒಂದು."

ಅತ್ತಿಗೆ ಸೆರಗಿನಲ್ಲಿ ಮೂಗು ಒರೆಸಿಕೊಂಡು ನೋಡಿದಳು. "ಅಲ್ಲಾ, ಬಲಗಡೇದು ನಿಮ್ಮದಲ್ವಾ? ಸತ್ತೋರ ಕಲ್ಲಲ್ಲೂ ಪಾಲು ಕೇಳ್ತೀರಲ್ಲ!"

"ಅವನೇ ಹಾಕಿದ್ದು, ನಲವತ್ತಮೂರು ವರ್ಷ. ಈಗ ಯಾಕೆ ಅಳಿಸ್ಲಿ?"

ಕಲ್ಲುಕುಟಿಗ ಸುಣ್ಣದಲ್ಲಿ ಮೂರು ಗೀಟು ಎಳೆದು ಉಳಿ ಇಟ್ಟ. ಗೂಟ ಬಗ್ಗಿ ನೋಡಿ, ಅತ್ತಿಗೆಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದ:

"ಬಲಗಡೇದು ಸ್ವಲ್ಪ ಆಳವಾಗಿ ಹೊಡಿ."