ಸುಸ್ತು ಎಂಬ ಒಂದು ಮಾತು

ಸವಳಂಗ ರಸ್ತೆಯ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದ ಸ್ಫೂರ್ತಿ ಗಿರಾಕಿಗಳ ಮೇಲೆ ಸಿಡುಕಿದ್ದನ್ನು ಕಂಡವರಿಲ್ಲ. ಅಂಗಡಿಯಲ್ಲಿದ್ದ ಫ್ರೇಮುಗಳನ್ನೆಲ್ಲ ಮೂಗಿಗೇರಿಸಿ ನೋಡಿ, ಕೊನೆಗೆ "ನಾಳೆ ಬರ್ತೀನಿ" ಎಂದು ಎದ್ದುಹೋಗುವವರಿಗೂ ಅವಳು ತಲೆಯಾಡಿಸಿ ಸುಮ್ಮನಾಗುತ್ತಿದ್ದಳು. ಎಂಥ ತಾಳ್ಮೆ ಎಂದು ಜನ ಹೊಗಳಿದ್ದೇ ಹೊಗಳಿದ್ದು. ತಾಳ್ಮೆಯೂ ಇಲ್ಲ, ಮಣ್ಣೂ ಇಲ್ಲ. ಅವಳ ಮನಸ್ಸಿಗೆ ಏನೂ ತಾಗುತ್ತಿರಲಿಲ್ಲ, ಅಷ್ಟೇ.

ಗಂಡ ಜ್ಞಾನೇಶ್ ಬೆಂಗಳೂರಿನ ಖಾಸಗಿ ಕಂಪನಿಯೊಂದರಲ್ಲಿ ಹೆಲಿಕಾಪ್ಟರ್ ಪೈಲಟ್ ಆಗಿದ್ದ. ಕಳೆದ ವರ್ಷ ರಜೆ ಮುಗಿಸಿ ಹೊರಟು ನಿಂತವನನ್ನು, ನಮ್ಮಕ್ಕನ ಗೃಹಪ್ರವೇಶ ಮುಗಿಸಿಯೇ ಹೋಗಿ ಎಂದು ಅವಳೇ ತಡೆದಿದ್ದಳು. ಊಟ ಮಾಡಿ ರಾತ್ರಿ ಬಸ್ಸು ಹತ್ತಿದ. ಬಸ್ಸಿನಲ್ಲಿ ಅವನಿಗೆ ಎಂದೂ ನಿದ್ದೆ ಹತ್ತುತ್ತಿರಲಿಲ್ಲ. ಬೆಳಿಗ್ಗೆ ಒಬ್ಬನೇ ಹೆಲಿಕಾಪ್ಟರ್ ಹಾರಿಸಿಕೊಂಡು ಹೋದವನು ಯಾವುದೋ ಊರಿನ ಹೊಲದಲ್ಲಿ ಬಿದ್ದು ಸತ್ತ.

ಸಾವಿನ ಮನೆಯಲ್ಲಿ ಟಿ.ವಿ. ಹಾಕಬಾರದಿತ್ತು, ಹಾಕಿದರು. ಅವಳ ಸೋದರಮಾವ ಬಂಗಾರಪ್ಪನಿಗೆ ಗೊತ್ತಿಲ್ಲದ ವಿದ್ಯೆ ಈ ಭೂಮಿಯ ಮೇಲಿಲ್ಲ. "ಫಟೀಗ್‌ನಿಂದ ಅಪಘಾತ: ಶಂಕೆ" ಎಂಬ ಸಾಲು ಪರದೆಯ ಕೆಳಗೆ ಓಡಿದ್ದೇ ತಡ, "ಫಟೀಗ್ ಅಂದ್ರೆ ಸುಸ್ತು ಮಾರಾಯ. ನಿದ್ದೆಗೆಟ್ಟಿದ್ದ, ತೂಕಡಿಸಿದಾನೆ ಪಾಪ" ಎಂದುಬಿಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಒಳಗಿನ ಕೋಣೆಯಲ್ಲಿದ್ದ ಸ್ಫೂರ್ತಿಗೆ ಅದು ಕೇಳಿಸಿತು. ನಾನೇ ಕೊಂದೆ ಎಂದುಕೊಂಡಳು. ಯಾರಿಗೂ ಹೇಳಲಿಲ್ಲ, ಅಳಲೂ ಇಲ್ಲ. ನಿದ್ದೆಯಲ್ಲೇ ಹೋದರು, ಅವರಿಗೆ ಏನೂ ಗೊತ್ತಾಗಿರಲಿಕ್ಕಿಲ್ಲ ಎಂಬುದೊಂದನ್ನು ಹಿಡಿದುಕೊಂಡು ದಿನ ದೂಡಿದಳು.

ಮೊನ್ನೆ ಭದ್ರಾವತಿಯಿಂದ ಮಾವ, ಜ್ಞಾನೇಶನ ತಂದೆ ಚಂದ್ರಶೇಖರಪ್ಪನವರು ಅಂಗಡಿಗೇ ಬಂದರು. ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ತನಿಖೆಯ ಪೂರ್ತಿ ವರದಿ ಬಂದಿದೆ ಎಂದರು.

"ಸುಸ್ತು ಅಂತಾನೇ ಬರೆದಿದಾರಾ ಮಾವ?" ಸ್ಫೂರ್ತಿ ಯಾರದೋ ಕನ್ನಡಕದ ಸ್ಕ್ರೂ ಬಿಗಿ ಮಾಡುತ್ತಲೇ ಕೇಳಿದಳು. "ನಾನು ಅವತ್ತು ಅವರನ್ನ ನಿಲ್ಲಿಸ್ಕೋಬಾರದಿತ್ತು."

ಮಾತು ಅರ್ಥವಾಗಲು ಮುದುಕರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಕಣ್ಣು ತುಂಬಿ ಬಂತು.

"ಇಷ್ಟು ದಿನ ಇದನ್ನ ಹೊತ್ಕೊಂಡಿದ್ಯೇನಮ್ಮ? ದಣಿದಿದ್ದು ನನ್ನ ಮಗ ಅಲ್ಲ, ಕಬ್ಬಿಣ. ಹೆಲಿಕಾಪ್ಟರ್ ಬಾಲದಲ್ಲಿರೋ ಫ್ಯಾನ್ ತಿರುಗಿಸೋ ಶಾಫ್ಟು ತಿರುಗಿ ತಿರುಗಿ, ಬಿರುಕು ಬಿಟ್ಟು ತುಂಡಾಗಿದೆ. ತಂತಿನ ಆ ಕಡೆ ಈ ಕಡೆ ಬಗ್ಗಿಸ್ತಾನೇ ಇದ್ರೆ ಮುರಿಯಲ್ವಾ, ಹಂಗೆ. ಅದಕ್ಕೂ ಫಟೀಗ್ ಅಂತಾರೆ. ನಿಂದೇನೂ ತಪ್ಪಿಲ್ಲ."

ಅವಳು ಸ್ಕ್ರೂ ತಿರುಗಿಸುತ್ತಲೇ ಇದ್ದಳು. ಇನ್ನೂ ಸಮಾಧಾನ ಹೇಳಬೇಕೆನಿಸಿತು ಅವರಿಗೆ.

"ಅವನು ತೂಕಡಿಸಿಲ್ಲ ತಾಯಿ. ಶಾಫ್ಟು ಮುರಿದ ಮೇಲೂ ರೇಡಿಯೋದಲ್ಲಿ ಮಾತಾಡ್ತಾ, ನೆಲ ಮುಟ್ಟೋವರೆಗೂ ಇಳಿಸೋಕೆ ನೋಡಿದಾನೆ."

ಸ್ಕ್ರೂ ತಿರುಗಿಸುತ್ತಿದ್ದ ಕೈ ನಿಂತಿತು.

"ಹಂಗಾದ್ರೆ ಎಚ್ಚರ ಇದ್ರಾ? ಎಲ್ಲಾ ಗೊತ್ತಾಗಿತ್ತಾ?" ಎಂದಳು.

ಅಷ್ಟರಲ್ಲಿ ಕನ್ನಡಕ ಕೊಟ್ಟಿದ್ದ ಹೆಂಗಸು ಬಂದು ಆಯ್ತೇನಮ್ಮ ಎಂದಳು. ಆಯ್ತು ಎಂದು ಸ್ಫೂರ್ತಿ ಗಾಜು ಒರೆಸಿ ಕೊಟ್ಟಳು. ಆಮೇಲೆ, ಗಂಡ ಸತ್ತ ಸುದ್ದಿ ಆಗಷ್ಟೇ ಕಿವಿಗೆ ಬಿದ್ದವಳ ಹಾಗೆ, ಗಿರಾಕಿಗಳ ಮುಂದೆಯೇ ಅತ್ತಳು.