ನನ್ನ ಮೇಲೆ ಕಟ್ಟಿದ ಪದ

ಕಿತ್ತೂರಿನ ಸಭೆಯೊಂದರಲ್ಲಿ ಮಾತಾಡಲು ನನ್ನನ್ನು ಕರೆದಿದ್ದರು. ವಿಷಯ, ನಾಡಿಗೆ ಸಾಹಿತ್ಯ ಏಕೆ ಬೇಕು. ಬೈಲಹೊಂಗಲದ ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದ ಮೇಲೆ ಸುತ್ತಲಿನ ತಾಲೂಕುಗಳಲ್ಲಿ ಈ ವಿಷಯದ ಗುತ್ತಿಗೆ ನನ್ನದೇ. ಸವದತ್ತಿಯಲ್ಲಿ ಒಂದು ಸಲ ಮಾತಾಡಿದ್ದೇನೆ, ರಾಮದುರ್ಗದಲ್ಲಿ ಎರಡು ಸಲ. ಎರಡನೆಯ ಸಲವೂ ಅದೇ ಭಾಷಣ ಮಾಡಿದೆ, ಜನ ಹೊಸದೆಂಬಂತೆ ಚಪ್ಪಾಳೆ ತಟ್ಟಿದರು, ಯಾಕಂದರೆ ಮೊದಲನೆಯ ಸಲ ಯಾರೂ ಕೇಳಿರಲಿಲ್ಲ. "ನೆನಪಿಲ್ಲದ ನಾಡು ನಾಡೇ ಅಲ್ಲ" ಎನ್ನುವಲ್ಲಿ ತುಸು ನಿಂತು ಕನ್ನಡಕ ಒರೆಸಿಕೊಳ್ಳುತ್ತೇನೆ. ಅಲ್ಲಿ ಚಪ್ಪಾಳೆ ಖಾತ್ರಿ.

ಈ ಸಲ ಭಾಷಣಕ್ಕೆ ಒಂದು ಬೀಸುವ ಪದ ಸೇರಿಸುವ ಆಸೆ ಹುಟ್ಟಿತು. ನಾನು ಹುಟ್ಟಿದಾಗ ಜೋಳ ಬೀಸುತ್ತ ನಮ್ಮ ಅವ್ವ ಮತ್ತು ದೊಡ್ಡವ್ವ, ಅಂದರೆ ಅಪ್ಪನ ಅಣ್ಣನ ಹೆಂಡತಿ, ನನ್ನ ಮೇಲೊಂದು ಪದ ಕಟ್ಟಿದ್ದರಂತೆ. ಈ ನೆಗೆಣ್ಣಿಯರು ಹಗಲೆಲ್ಲ ಜಗಳಾಡುತ್ತಿದ್ದರು. ಬೆಳಗಿನ ಜಾವ ಬೀಸುವ ಕಲ್ಲಿನ ಒಂದೇ ಗೂಟ ಹಿಡಿದು ಎದುರುಬದುರು ಕೂತರೆ ಮಾತ್ರ ಎಲ್ಲ ಜಗಳ ಮರೆತು ಹಾಡುತ್ತಿದ್ದರು.

"ಕಟ್ಟಿದ್ದರಂತೆ" ಎಂದು ಬರೆಯಲು ನನಗೆ ನಾಚಿಕೆಯಾಗುತ್ತದೆ. ಧಾರವಾಡದಲ್ಲಿ ಎಂ.ಎ. ಓದುವಾಗ ಜನಪದ ಹಾಡು ಸಂಗ್ರಹಿಸಿ ತರಲು ಗುರುಗಳು ಹೇಳಿದ್ದರು. ವಹಿ ಹಿಡಿದುಕೊಂಡು ಯರಗಟ್ಟಿ ಕಡೆಯ ಹಳ್ಳಿಗಳನ್ನೆಲ್ಲ ಅಲೆದೆ. ಮನೆಗೆ ಬಂದಾಗ ಅವ್ವ ಕೈಯ ಹಿಟ್ಟು ಕೊಡವಿಕೊಳ್ಳುತ್ತ, "ತಮ್ಮಾ, ನಿನ್ನ ಮ್ಯಾಲೊಂದು ಪದ ಐತಿ, ಬರಕೊಳ್ಳೊ" ಅಂದಳು.

"ಯವ್ವಾ, ಅದು ಸಾಹಿತ್ಯ ಅಲ್ಲ. ನನ್ನ ಮೂಗು, ನಾ ಕೂಸಿದ್ದಾಗಿನ ಕುಂಚಗಿ ಟೊಪ್ಪಿಗಿ, ಅದನ್ನ ಯಾರು ಓದತಾರ?"

"ಹೌದಲ್ಲ, ನಾವೇನು ಸಾಲಿ ಕಲತವರಾ" ಎಂದು ನಕ್ಕು ಒಳಗೆ ಹೋದಳು. ನನಗೆ ಫಸ್ಟ್ ಕ್ಲಾಸ್ ಬಂತು. ಅವ್ವ ತೀರಿಕೊಂಡು ಈಗ ಬಹಳ ವರ್ಷಗಳಾದವು.

ದೊಡ್ಡವ್ವ ದೇಗಾಂವದಲ್ಲಿ ಮಗಳ ಮನೆಯಲ್ಲಿದ್ದಾಳೆ. ಸಭೆಯ ಹಿಂದಿನ ದಿನ ಅಲ್ಲಿಗೆ ಹೋಗಿ, ಮೊಬೈಲನ್ನು ಅವಳ ಮುಂದಿಟ್ಟು, "ಆ ಪದ ಹಾಡು ದೊಡ್ಡವ್ವಾ" ಅಂದೆ.

"ಎಲಾ ಇವನ! ಕಲ್ಲು ತಿರಗದ ಬಾಯಿಗೆ ಪದ ಹೆಂಗ ಬರಬೇಕೊ?"

ಮದುವೆಯ ಅರಿಷಿಣ ಬೀಸಲೆಂದು ಇಟ್ಟುಕೊಂಡಿದ್ದ ಕಲ್ಲು ಹಿತ್ತಲಲ್ಲಿತ್ತು. ಒಬ್ಬಳೇ ತಿರುಗಿಸಲು ಅವಳ ಕೈಯಲ್ಲಿ ಕಸುವಿರಲಿಲ್ಲ. "ಎದುರಿಗಿ ಕುಂದರು" ಎಂದಳು. ಇಸ್ತ್ರಿಯ ಪ್ಯಾಂಟಿನಲ್ಲೇ ಕಾಲು ಚಾಚಿ ಕೂತೆ. ನಾಲ್ಕು ಸುತ್ತಿಗೇ ರಟ್ಟೆ ನೋಯತೊಡಗಿತು.

"ಹಗೂರಕ ಎಳಿಯೊ, ಭಾಂವಿ ರಾಟಿ ಅಲ್ಲದು!"

ಬೈಯುತ್ತ ಬೈಯುತ್ತಲೇ ಹಾಡತೊಡಗಿದಳು.

"ಹೊಸ ಜ್ವಾಳ ಬೀಸೂವಾಗ ಹಸುಗೂಸ ಬಂದೀಯೊ, ನಿಮ್ಮವ್ವಗ ಏನ ತಂದೀಯೊ?"

ಅಷ್ಟಕ್ಕೆ ನಿಲ್ಲಿಸಿ ನನ್ನ ಮುಖ ನೋಡಿದಳು. ಕಲ್ಲು ತಿರುಗುತ್ತಲೇ ಇತ್ತು. ಮತ್ತೆ ಅದನ್ನೇ ಹಾಡಿದಳು, ಮತ್ತೆ ನಿಲ್ಲಿಸಿದಳು.

"ಮುಂದ?" ಅಂದೆ.

"ಮುಂದಿಂದು ನಾ ಎಲ್ಲಿ ಹಾಡತಿದ್ನೊ? ಒಂದ ಸಾಲು ನಂದು, ಒಂದ ಸಾಲು ನಿಮ್ಮವ್ವಂದು. ಆಕಿ ಹಾಡೂಮುಂದ ನಾ ಉಸರ ತಗೋತಿದ್ದೆ."

"ಕೇಳಿರತೀಯಲ್ಲಾ, ನೆನಪ ಮಾಡಕೊ."

"ಮುಂದ ನಾ ಏನ ಅನ್ನೂದು ಅಂತ ನನ್ನ ಚಿಂತಿ ನನಗ ಇರತಿತ್ತಪಾ. ನೀ ಕಲತಾಂವ, ನೀನ ಅನ್ನು. ನಿನ್ನ ಮ್ಯಾಲಿನ ಪದ ಅಲ್ಲೇನು?"

ಊರೂರಿನ ಪದಗಳು ನನಗೆ ಬಾಯಿಪಾಠ. ಇದೊಂದು ಗೊತ್ತಿರಲಿಲ್ಲ. ಅಂದು ಅವ್ವನ ಮುಂದೆ ವಹಿ ಹಿಡಿದು ನಿಂತಿದ್ದ ಆ ಶಾಣ್ಯಾನ ಕೆನ್ನೆಗೆ ಬಾರಿಸಬೇಕೆನ್ನುವಷ್ಟು ಸಿಟ್ಟು ಬಂತು.

ದೊಡ್ಡವ್ವ ಮೂರನೆಯ ಸಲ ಹಾಡಿದಳು.

"ನಿಮ್ಮವ್ವಗ ಏನ ತಂದೀಯೊ?"

ನಾನು ತಲೆ ತಗ್ಗಿಸಿ ಗೂಟ ತಿರುಗಿಸಿದೆ.