ಜಪಾನಿನ ಬಾಗಿನ

ಅಮೆರಿಕದ ಕ್ಯಾರಲ್ಟನ್‌ನಲ್ಲಿ ನಮ್ಮ ಪಕ್ಕದ ಮನೆಯ ಧಾರವಾಡದ ಆಂಟಿ ನಿವೃತ್ತ ಡಾಕ್ಟರು. ಅವರ ಹತ್ತಿರ ಜಪಾನಿನ ಹಳೆಯ ಮರದಚ್ಚಿನ ಚಿತ್ರವೊಂದಿತ್ತು. ಫ್ರೇಮಿನ ಗಾಜು ಒಡೆದಿತ್ತು. ಆ ವರಮಹಾಲಕ್ಷ್ಮಿ ಹಬ್ಬದ ಬೆಳಿಗ್ಗೆ ಬರೀ ಕಾಗದವನ್ನೇ ನನ್ನ ಕೈಗಿಟ್ಟರು.

ಒಂದು ಬಾಚಣಿಗೆ, ಮುಡಿಗೆ ಸಿಕ್ಕಿಸುವ ಎರಡು ಕಡ್ಡಿ, ಒಂದು ಕೈಗನ್ನಡಿ. ಅಷ್ಟೇ. ಬಾಚಣಿಗೆಯ ಬೆನ್ನ ಮೇಲೆ ಚಿನ್ನದ ಬಣ್ಣದ ಹುಲ್ಲೆಳೆ, ಅದರ ತುದಿಯಲ್ಲಿ ಇಬ್ಬನಿ. ಹಲ್ಲುಗಳನ್ನು ಎಣಿಸಹೋಗಿ ಕಣ್ಣು ಸೋತಿತು. ಸುತ್ತಲಿನ ಮರವನ್ನೆಲ್ಲ ಕೆತ್ತಿ ತೆಗೆದು, ಕೂದಲಿನಷ್ಟು ತೆಳುವಾದ ಆ ಗೆರೆಗಳನ್ನು ಮಾತ್ರ ಯಾರೋ ಉಳಿಸಿಕೊಂಡಿದ್ದರು. ಕಿಟಕಿಯ ಬೆಳಕಿಗೆ ಓರೆ ಹಿಡಿದಾಗ, ಖಾಲಿ ಎಂದುಕೊಂಡಿದ್ದ ಬಿಳಿ ಜಾಗದಲ್ಲಿ ಬಟ್ಟೆಯ ನೇಯ್ಗೆ ಎದ್ದು ಬಂತು. ಬಣ್ಣವಿಲ್ಲ, ಬರೀ ಒತ್ತಿ ಮೂಡಿಸಿದ್ದು.

“ಈ ಬಾಚಣಿಗೆಯ ಒಡತಿ ಎಲ್ಲಿ ಆಂಟಿ?”

“ತಲಿ ಎರಕೊಳ್ಳಿಕ್ಕೆ ಹೋಗ್ಯಾಳ. ಆಕಿ ಬರೂದ್ರಾಗ ನೋಡಿ ಮುಗಸು.”

ಬಾಚಣಿಗೆ, ಕನ್ನಡಿ ಎಲ್ಲ ಇದೆಯಲ್ಲ, ಇದು ಜಪಾನಿನ ಬಾಗಿನವೇ ಎಂದು ನಗುತ್ತ, ಆಂಟಿ ಅದನ್ನು ಬಾಗಿನದ ಮೊರಕ್ಕೆ ಆನಿಸಿ ಕಲಶದ ಮುಂದೆ ನಿಲ್ಲಿಸಿದರು. ಅಂಕಲ್ ಎಂದಿನಂತೆ, ಹೊಗೆ ತಾಗಿದರೆ ಕೂಗಿಕೊಳ್ಳುವ ಸ್ಮೋಕ್ ಅಲಾರ್ಮಿನ ಕೆಳಗೆ ಟವೆಲ್ ಬೀಸಲು ನಿಂತಿದ್ದರು.

“ಕರ್ಪೂರ ಭಾಳ ಹಾಕಬ್ಯಾಡ. ಫೈರ್ ಟ್ರಕ್ ಬರ್ತದ.”

“ಬರ್ಲಿ ಬಿಡ್ರಿ, ಅವರಿಗೂ ಕೋಸಂಬರಿ ಕೊಡೋಣು.”

ಮಂಗಳಾರತಿಯ ತಟ್ಟೆಯಿಂದ ಉರಿಯುವ ಕರ್ಪೂರದ ಬಿಲ್ಲೆಯೊಂದು ಜಾರಿ ಚಿತ್ರದ ಪಕ್ಕ ಬಿತ್ತು. ಆಂಟಿ ಬಗ್ಗಿದರು. ಸೆರಗಿಗೆ ಬೆಂಕಿ ಹತ್ತಿತು. ಸೆರಗಿನ ಬೆಂಕಿಯನ್ನು ನಾನು ಸ್ಪಷ್ಟವಾಗಿ ನೋಡಿದೆ. ನೋಡಿಯೂ ನನ್ನ ಕೈ ಚಿತ್ರದ ಕಡೆ ಹೋಯಿತು.

ಅಂಕಲ್ ಹಾರಿ ಬಂದು ಟವೆಲಿನಿಂದ ಆಂಟಿಯ ತೋಳನ್ನು ಸುತ್ತಿ ಒತ್ತಿದರು. ಬೆಂಕಿ ಆರಿದಾಗ ನಾನು ಕಾಗದವನ್ನು ಎದೆಗವಚಿಕೊಂಡು ಗೋಡೆಗೆ ಒರಗಿದ್ದೆ. ಅದಕ್ಕೆ ಏನೂ ಆಗಿರಲಿಲ್ಲ. ಆಂಟಿಯ ಮುಂಗೈ ಸುಟ್ಟಿತ್ತು.

ಆ ಗಳಿಗೆಯನ್ನು ದಿನಕ್ಕೆಷ್ಟು ಸಲ ಮತ್ತೆ ನೋಡುತ್ತೇನೋ. ಪ್ರತಿ ಸಲವೂ ಕೈ ಅತ್ತಲೇ ಹೋಗುತ್ತದೆ. ತಡೆಯಲಾರದೆ ಒಂದು ದಿನ ಹೇಳಿಬಿಟ್ಟೆ: “ಆಂಟಿ, ನಾನು ಮೊದಲು ಹಿಡಿದಿದ್ದು ನಿಮ್ಮನ್ನಲ್ಲ.”

ಅವರು ಕೈಯ ಪಟ್ಟಿ ಸರಿಮಾಡಿಕೊಳ್ಳುತ್ತ ಹೇಳಿದರು: “ನಾ ಬಗ್ಗಿದ್ದು ಮತ್ಯಾತಕ್ಕ ಅನಕೊಂಡೀ? ಅದನ್ನ ಹಿಡೀಲಿಕ್ಕೇ.”

ನನ್ನ ಸಮಾಧಾನಕ್ಕೆ ಹಾಗೆ ಹೇಳಿದರೋ ಏನೋ. ಕೇಳುವ ಧೈರ್ಯ ಬರಲಿಲ್ಲ.